ಡಿಸ್ಕ್ ಒಳಗೆ ನರ ಬೆಳೆಯಬಾರದು ಅಂತ ಉರಿಯೂತದ ಮಾತ್ರೆ ದಿನಾ ನುಂಗುತ್ತಿದ್ದೇನೆ. ಮುಂದುವರಿಸಲೇ?

‘ಸೊಂಟದ ಕೊನೆಯ ಡಿಸ್ಕಿನ (ಎಲ್5-ಎಸ್1, ಬೆನ್ನುಮೂಳೆಗಳ ನಡುವಿನ ಮೆತ್ತೆ) ಹೊರಪದರ ಹರಿದಿದೆ, ನರ ಎಲ್ಲೂ ಒತ್ತಿಲ್ಲ, ಆದರೂ ಕೂರಲು ಆಗುತ್ತಿಲ್ಲ. ಉರಿಯೂತ ಇದ್ದರೆ ಡಿಸ್ಕಿನೊಳಕ್ಕೆ ಹೊಸ ನರ ಬೆಳೆಯುತ್ತದೆ ಅಂತ ಓದಿದೆ, ಅದಕ್ಕೇ ಮೂರು ತಿಂಗಳಿಂದ ದಿನಾ ಮಾತ್ರೆ. ಸೊಂಟಕ್ಕೆ ಬೆಲ್ಟೂ ಹಾಕುತ್ತಿದ್ದೇನೆ, ಅದು ಬೇಕೇ?’ ನಿಮ್ಮ ಪ್ರಶ್ನೆ ಇಷ್ಟು ಓದುವಷ್ಟರಲ್ಲಿ ನನ್ನ ಹೊಟ್ಟೆ ಒಮ್ಮೆ ಹಿಂಡಿದ ಹಾಗಾಯಿತು. ನಿಮ್ಮದು ಮೂರು ತಿಂಗಳು. ನನ್ನದು ಏಳು.

ನನಗೆ ಶುರುವಾಗಿದ್ದು ಒಂದು ಪೆನ್ನಿನ ಮುಚ್ಚಳದಿಂದ. ಪುಟ ವಿನ್ಯಾಸದ ಕೆಲಸ ನನ್ನದು, ದಿನಕ್ಕೆ ಒಂಬತ್ತು ಹತ್ತು ಗಂಟೆ ಕುರ್ಚಿಯಲ್ಲೇ. ಮುಚ್ಚಳ ಮೇಜಿನ ಕೆಳಗೆ ಉರುಳಿತು, ಕೂತಲ್ಲಿಂದಲೇ ಪಕ್ಕಕ್ಕೆ ಬಗ್ಗಿದೆ. ಸೊಂಟದ ನಡುವೆ ಯಾರೋ ತಂತಿ ಎಳೆದು ಬಿಟ್ಟ ಹಾಗಾಯಿತು. ಮುಚ್ಚಳ ಅಲ್ಲೇ ಉಳಿಯಿತು. ಮೂರು ದಿನದಲ್ಲಿ ಆ ಚಳುಕು ಹೋಯಿತು, ಆದರೆ ಅದರ ಜಾಗಕ್ಕೆ ಇನ್ನೊಂದು ಬಂತು: ಆಳದಲ್ಲಿ ಕೊರೆಯುವ, ಇಲ್ಲೇ ಅಂತ ಬೆರಳಿಟ್ಟು ತೋರಿಸಲಾಗದ ನೋವು. ಕೂತರೆ ಜಾಸ್ತಿ, ನಡೆದರೆ ಕಡಿಮೆ. ಸೀನು ಬಂದರೆ ಗೋಡೆ ಹಿಡಿಯಬೇಕು. ಕಾಲಿಗೆ ಮಾತ್ರ ಇಳಿಯಲಿಲ್ಲ.

ಆರು ವಾರ ಬಿಟ್ಟು ಎಂಆರ್‌ಐ ಆಯಿತು. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ನಾನೇ ನೋಡಿದೆ. ಸೊಂಟದ ಐದು ಡಿಸ್ಕುಗಳಲ್ಲಿ ನಾಲ್ಕು ಬೆಳ್ಳಗೆ, ಕೊನೆಯದು ಕಪ್ಪು. ಆ ಕಪ್ಪಿನ ಹಿಂದಿನ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಬಿಳಿ ಚುಕ್ಕೆ. ನೀರಿನಂಶ ಇರುವ ಡಿಸ್ಕ್ ಬಿಳಿ, ಒಣಗಿದ್ದು ಕಪ್ಪು, ಆ ಚುಕ್ಕೆ ಬಿರುಕಿನ ಗುರುತು ಅಂತ ವೈದ್ಯರು ಹೇಳಿದರು. ಹತ್ತು ದಿನಕ್ಕೆ ಮಾತ್ರೆ ಬರೆದುಕೊಟ್ಟರು, ಓಡಾಡಿಕೊಂಡಿರಿ, ಆಮೇಲೆ ಬನ್ನಿ ಅಂದರು. ಅವರ ತಪ್ಪು ಒಂದೂ ಇಲ್ಲ. ಮುಂದಿನದ್ದೆಲ್ಲ ನನ್ನದೇ ಕಿತಾಪತಿ.

ನಿದ್ದೆ ಬರದ ರಾತ್ರಿಗಳಲ್ಲಿ ಓದಲು ಕೂತೆ. ನಿಂತೇ ಓದಿದೆ ಅನ್ನಬೇಕು. ನೀವು ಓದಿದ್ದನ್ನೇ ನಾನೂ ಓದಿದ್ದು. ಆರೋಗ್ಯವಾಗಿರುವ ಡಿಸ್ಕಿನಲ್ಲಿ ನರ ಇರುವುದು ಹೊರ ಉಂಗುರದ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಒಳಗಿನ ತಿರುಳಿಗೆ ನರವೂ ಇಲ್ಲ, ರಕ್ತನಾಳವೂ ಇಲ್ಲ. 1997ರಲ್ಲಿ ಮ್ಯಾಂಚೆಸ್ಟರಿನ ಆಂಥನಿ ಫ್ರೀಮಾಂಟ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ದೀರ್ಘಕಾಲದ ಬೆನ್ನುನೋವಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಡಿಸ್ಕಿನ ತುಣುಕುಗಳನ್ನು ಪರೀಕ್ಷಿಸಿದಾಗ, ಕೆಲವದರಲ್ಲಿ ಸಣ್ಣ ನರತಂತುಗಳು ಒಳ ಉಂಗುರ ದಾಟಿ ತಿರುಳಿನವರೆಗೂ ಹೋಗಿದ್ದವು. ಅವುಗಳಲ್ಲಿ ಕೆಲವು ನೋವಿನ ಸಂದೇಶ ಸಾಗಿಸುವ ‘ಸಬ್‌ಸ್ಟೆನ್ಸ್ ಪಿ’ಯನ್ನು ಹೊತ್ತಿದ್ದವು. ಹಳೇ ಗೋಡೆಯ ಬಿರುಕಿಗೆ ಅರಳಿಗಿಡದ ಬೇರು ಇಳಿದಿರುತ್ತದಲ್ಲ, ಅದೇ ಚಿತ್ರ ನನ್ನ ತಲೆಯೊಳಗೆ ಕೂತುಬಿಟ್ಟಿತು. ಬೇರು ಇಳಿದ ಮೇಲೆ ಗೋಡೆ ಉಳಿಯುತ್ತದೆಯೇ?

ಮುಂದೆ ಓದಿದರೆ ಕಾರಣವೂ ಸಿಕ್ಕಿತು. ಸವೆದ ಡಿಸ್ಕಿನ ಜೀವಕೋಶಗಳೇ ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಆಲ್ಫಾ ಎಂಬ ಉರಿಯೂತದ ಸಂಕೇತಗಳನ್ನು ಹೊರಡಿಸುತ್ತವೆ. ಆ ಸಂಕೇತ ಸಿಕ್ಕ ಕೋಶಗಳು ಎನ್‌ಜಿಎಫ್ ಅನ್ನುವ ನರ ಬೆಳವಣಿಗೆಯ ಪ್ರೋಟೀನನ್ನು ಹೆಚ್ಚು ತಯಾರಿಸುತ್ತವೆ. ಎನ್‌ಜಿಎಫ್ ನರತಂತುಗಳನ್ನು ‘ಬಾ’ ಅಂತ ಕರೆಯುತ್ತದೆ. ನಾನು ನೋಟ್‌ಬುಕ್ಕಿನಲ್ಲಿ ನಾಲ್ಕು ಚೌಕ ಬರೆದೆ: ಉರಿಯೂತ, ಎನ್‌ಜಿಎಫ್, ನರ, ನೋವು. ನಡುವೆ ಮೂರು ಬಾಣ. ಪುಟ ವಿನ್ಯಾಸದವರಿಗೆ ಬಾಣ ಎಳೆಯುವ ಚಟ ಜಾಸ್ತಿ. ಮೊದಲ ಚೌಕವನ್ನೇ ಹೊಡೆದುಹಾಕಿದರೆ ಉಳಿದ ಮೂರೂ ತಾನಾಗಿಯೇ ಬೀಳುತ್ತವೆ! ಉರಿಯೂತ ಇಳಿಸುವ ಮಾತ್ರೆ ಕೈಯಲ್ಲೇ ಇದೆ!

ಹತ್ತು ದಿನದ ಡೈಕ್ಲೋಫೆನಾಕ್ ಚೀಟಿ ಹೀಗೆ ಏಳು ತಿಂಗಳಾಯಿತು. ಬೆಳಿಗ್ಗೆ ಒಂದು, ರಾತ್ರಿ ಒಂದು. ನೋವಿದ್ದ ದಿನವೂ, ಇಲ್ಲದ ದಿನವೂ. ನೋವಿಗಾಗಿ ಅಲ್ಲವಲ್ಲ, ನರ ಬೆಳೆಯಬಾರದು ಅಂತ! ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ. ಒಂದು ದಿನ ತಪ್ಪಿದರೆ ಆ ರಾತ್ರಿಯೇ ಬೇರು ಒಂದು ಮಿಲಿಮೀಟರ್ ಒಳಕ್ಕೆ ಹೋಯಿತೇನೋ ಅಂತ ಭಯ. ನಡುವೆ ಬೇರೆ ವಿಷಯಕ್ಕೆ ಕಂಡ ವೈದ್ಯರು ‘ನೋವಿನ ಮಾತ್ರೆ ಏನಾದರೂ ತಗೋತೀರಾ’ ಅಂತ ಕೇಳಿದ್ದಕ್ಕೆ ‘ಆಗೀಗ’ ಅಂದೆ. ಆ ‘ಆಗೀಗ’ ಈಗಲೂ ಚುಚ್ಚುತ್ತದೆ.

ಮಾತ್ರೆಯಿಂದ ನೋವು ಅರ್ಧ ಇಳಿದಿತ್ತು, ಸುಳ್ಳು ಹೇಳುವುದಿಲ್ಲ. ಇಳಿದದ್ದೇ ಕೆಟ್ಟದ್ದಾಯಿತು. ಲೆಕ್ಕ ಸರಿ ಇದೆ ಅಂತ ನಂಬಿಕೆ ಗಟ್ಟಿಯಾಯಿತು, ಒಂದೇ ಭಂಗಿಯಲ್ಲಿ ನಾಲ್ಕು ಗಂಟೆ ಕೂರುವ ಹಳೇ ಚಾಳಿ ವಾಪಸ್ ಬಂತು. ಬಗ್ಗುವುದನ್ನು ಮಾತ್ರ ಪೂರ್ತಿ ಬಿಟ್ಟೆ. ನೆಲದ ಮೇಲೆ ಬಿದ್ದದ್ದನ್ನು ಕಾಲ್ಬೆರಳಿನಲ್ಲಿ ಎತ್ತುವುದು ಕಲಿತೆ.

ಏಳನೇ ತಿಂಗಳಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು. ಮುಖ ಬಿಳಿಚಿದೆ ಅಂತ ಮನೆಯವರು ಅಂದರು, ನಿದ್ದೆಗೆಟ್ಟದ್ದಕ್ಕೆ ಅಂದೆ. ಮಲ ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಹೋಗುತ್ತಿತ್ತು. ಅದರ ಅರ್ಥ ಗೊತ್ತಿರಲಿಲ್ಲ. ಡಿಸ್ಕಿನ ಅಣುಜೀವಶಾಸ್ತ್ರ ಕಂಠಪಾಠ, ಕಪ್ಪು ಮಲ ಅಂದರೆ ಹೊಟ್ಟೆಯಲ್ಲಿ ರಕ್ತ ಸೋರುತ್ತಿದೆ ಅನ್ನುವ ಸಾದಾ ಸಂಗತಿ ಗೊತ್ತಿಲ್ಲ. ಒಂದು ಬೆಳಿಗ್ಗೆ ಬಚ್ಚಲುಮನೆ ಬಾಗಿಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ. ಹಿಮೋಗ್ಲೋಬಿನ್ 7.4. ಎಂಡೋಸ್ಕೋಪಿ ಮಾಡಿದರೆ ಜಠರದಲ್ಲಿ ಹುಣ್ಣು, ರಕ್ತ ಜಿನುಗುತ್ತಿತ್ತು. ಎರಡು ಬಾಟಲಿ ರಕ್ತ ಕೊಟ್ಟರು.

ಇಷ್ಟು ದಿನ ಯಾಕೆ ನುಂಗಿದಿರಿ ಅಂತ ಅಲ್ಲಿನ ವೈದ್ಯರು ಕೇಳಿದರು. ‘ಡಿಸ್ಕ್ ಒಳಗೆ ನರ ಬೆಳೆಯಬಾರದು ಅಂತ’ ಅಂದೆ. ಅವರು ಬರೆಯುತ್ತಿದ್ದ ಪೆನ್ನನ್ನು ಪಕ್ಕಕ್ಕಿಟ್ಟು ನನ್ನನ್ನೇ ನೋಡಿದರು. ‘ಈ ಮಾತ್ರೆ ಆ ಕೆಲಸ ಮಾಡುತ್ತದೆ ಅಂತ ನಿಮಗೆ ಯಾರು ಹೇಳಿದರು?’ ಯಾರೂ ಹೇಳಿರಲಿಲ್ಲ. ನನ್ನ ಬಾಣಗಳು ಹೇಳಿದ್ದವು.

ಆ ಬಾಣಗಳು ಎಲ್ಲಿ ತಪ್ಪಿದವು ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ನೀವೂ ಅದೇ ಬಾಣ ಎಳೆದಿದ್ದೀರಿ.

ನನ್ನನ್ನು ಮೊದಲು ಕೆಡಿಸಿದ್ದು ‘ಉರಿಯೂತ’ ಎಂಬ ಪದ. ಉರಿ ಇದೆ, ಊತ ಇದೆ, ಆದರೆ ಸವೆದ ಡಿಸ್ಕನ್ನು ಮುಟ್ಟಿ ನೋಡಿದರೆ ಎರಡೂ ಕಾಣುವುದಿಲ್ಲ. ಒಂದೇ ಪದದ ಕೆಳಗೆ ಹತ್ತಾರು ಬೇರೆ ಬೇರೆ ರಾಸಾಯನಿಕಗಳು ಕೂತಿವೆ. ನಾನು ನುಂಗಿದ ಜಾತಿಯ ಮಾತ್ರೆ ತಡೆಯುವುದು ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವವನ್ನು. ಅದರಿಂದ ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದು ಕಡಿಮೆಯಾಗುತ್ತದೆ. ಪ್ರೊಸ್ಟಾಗ್ಲಾಂಡಿನ್ ನರದ ತುದಿಯನ್ನು ಮುಟ್ಟಿದರೆ ಮುನಿಯಂತೆ ಮಾಡುವ ವಸ್ತು; ಅದು ಇಳಿದರೆ ನೋವು ಇಳಿಯುತ್ತದೆ. ಸರಿ. ಆದರೆ ಎನ್‌ಜಿಎಫ್ ಹೆಚ್ಚಿಸುವ ಆ ಇಂಟರ್‌ಲ್ಯೂಕಿನ್, ಆ ಟಿಎನ್‌ಎಫ್ ಇವೆಯಲ್ಲ, ಅವು ಈ ಕಿಣ್ವಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂತಿವೆ. ಮಾತ್ರೆ ಅವನ್ನು ಸುಮ್ಮನಾಗಿಸುವಂಥದ್ದಲ್ಲ. ಅಂದರೆ ನಾನು ಹೊಡೆದುಹಾಕಿದೆ ಅಂದುಕೊಂಡ ಮೊದಲ ಚೌಕ ಹಾಗೇ ಇತ್ತು. ನಾನು ಅಳುವ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದು, ಹಸಿವು ತೀರಿತು ಅಂದುಕೊಂಡಿದ್ದೆ.

ಇನ್ನೊಂದು ಮಾತು. ಜಠರದ ಒಳಗೋಡೆಯನ್ನು ಆಮ್ಲದಿಂದ ಕಾಯುವುದೂ ಇದೇ ಪ್ರೊಸ್ಟಾಗ್ಲಾಂಡಿನ್. ಡಿಸ್ಕಿಗಾಗಿ ತಡೆದದ್ದು ಹೊಟ್ಟೆಯಲ್ಲಿ ಕಾವಲು ತೆಗೆದುಹಾಕಿತು. ಅದರ ಮೇಲೆ ಡಿಸ್ಕು ದೇಹದಲ್ಲಿ ರಕ್ತನಾಳವಿಲ್ಲದ ಅತಿ ದೊಡ್ಡ ಭಾಗ. ಅದಕ್ಕೆ ಪೋಷಣೆ ಬರುವುದು ಹೆಚ್ಚಾಗಿ ಮೇಲಿನ ಕೆಳಗಿನ ಮೂಳೆಯ ತೆಳು ಫಲಕದ ಮೂಲಕ, ಜಿನುಗಿ ಜಿನುಗಿ. ನುಂಗಿದ ಮಾತ್ರೆ ರಕ್ತದ ಜೊತೆ ಊರೆಲ್ಲ ಸುತ್ತುತ್ತದೆ, ತಿರುಳಿನ ಬಾಗಿಲಿಗೆ ಮಾತ್ರ ಆ ರಸ್ತೆಯೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಏಳು ತಿಂಗಳು ನಾನು ಮಾಡಿದ್ದು ಅದೇ.

ಎರಡನೇ ಬಾಣಕ್ಕೆ ಬನ್ನಿ: ಎನ್‌ಜಿಎಫ್ ಕರೆದರೆ ನರ ಬಂದುಬಿಡುತ್ತದೆ ಅನ್ನುವುದು. ಕರೆ ಒಂದೇ ಸಾಲದು, ಬಾಗಿಲೂ ತೆರೆದಿರಬೇಕು. ಚೆನ್ನಾಗಿರುವ ಡಿಸ್ಕಿನ ತುಂಬ ಅಗ್ರಿಕ್ಯಾನ್ ಎಂಬ ದೊಡ್ಡ ಅಣು ಇರುತ್ತದೆ. ನೀರು ಹಿಡಿದಿಟ್ಟುಕೊಳ್ಳುವುದು ಅದರ ಮುಖ್ಯ ಕೆಲಸ, ಜೊತೆಗೆ ನರತಂತುವನ್ನು ಹತ್ತಿರ ಬಿಡದೆ ತಡೆಯುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ನರಕೋಶಗಳು ಅಗ್ರಿಕ್ಯಾನ್ ಇರುವ ಕಡೆ ತಲುಪಿದಾಗ ಪಕ್ಕಕ್ಕೆ ತಿರುಗಿಕೊಳ್ಳುತ್ತವೆ. ಸೆಮಾಫೊರಿನ್-3ಎ ಅನ್ನುವ, ನರವನ್ನು ದೂರ ಅಟ್ಟುವ ಇನ್ನೊಂದು ಪ್ರೋಟೀನೂ ಇದೆ. ಮೇಲಾಗಿ ಒಳಗಿನ ಒತ್ತಡ. ಗಟ್ಟಿಯಾಗಿ ತುಂಬಿರುವ ಡಿಸ್ಕಿನಲ್ಲಿ ರಕ್ತನಾಳವಾಗಲಿ ಎಳೆಯ ನರವಾಗಲಿ ನುಸುಳಲು ಜಾಗವಿಲ್ಲ. ಡಿಸ್ಕ್ ಸವೆದಾಗ ಈ ಕಾವಲು ಸಡಿಲವಾಗುತ್ತದೆ: ಅಗ್ರಿಕ್ಯಾನ್ ಒಡೆಯುತ್ತದೆ, ನೀರು ಇಳಿಯುತ್ತದೆ, ಬಿರುಕಿನ ಅಂಚಿನಲ್ಲಿ ಒತ್ತಡ ಬೀಳುತ್ತದೆ. ಮೊದಲು ರಕ್ತನಾಳ ನುಸುಳುತ್ತದೆ, ಅದರ ಜೊತೆಗೇ ನರ. 2002ರಲ್ಲಿ ಅದೇ ಮ್ಯಾಂಚೆಸ್ಟರ್ ತಂಡ, ಹಾಗೆ ಒಳಬಂದ ರಕ್ತನಾಳಗಳೇ ಎನ್‌ಜಿಎಫ್ ತಯಾರಿಸುತ್ತಿರುವುದನ್ನು ನೋವಿರುವ ಡಿಸ್ಕುಗಳಲ್ಲಿ ತೋರಿಸಿತು. ನನ್ನ ಮಾತ್ರೆ ಅಗ್ರಿಕ್ಯಾನ್ ಕಟ್ಟುತ್ತದೆಯೇ? ಇಲ್ಲ. ಬಿರುಕು ಹೊಲಿಯುತ್ತದೆಯೇ? ಇಲ್ಲ.

ಉರಿಯೂತ ಅಂದರೆ ಬರೀ ಶತ್ರು ಅಂದುಕೊಂಡದ್ದು ಇನ್ನೂ ದೊಡ್ಡ ಎಡವಟ್ಟು. ಡಿಸ್ಕಿನ ತಿರುಳು ಹೊರಗೆ ಚಾಚಿಕೊಂಡವರಲ್ಲಿ ಎಷ್ಟೋ ಜನರಿಗೆ ಅದು ಶಸ್ತ್ರಚಿಕಿತ್ಸೆ ಇಲ್ಲದೆ ಕರಗುತ್ತದಲ್ಲ, ಕರಗಿಸುವವರು ಯಾರು? ಮ್ಯಾಕ್ರೋಫೇಜ್‌ಗಳು, ಅಂದರೆ ಉರಿಯೂತದ ಸೈನಿಕರೇ. 2022ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕಿಂತ ಮುಜುಗರದ ಸಂಗತಿ ಪ್ರಕಟಿಸಿದರು: ಸೊಂಟನೋವು ಶುರುವಾದ ಹೊಸತರಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಚುರುಕಾದ ಪ್ರತಿಕ್ರಿಯೆ ಕಂಡದ್ದು ಮೂರು ತಿಂಗಳಲ್ಲಿ ನೋವು ವಾಸಿಯಾದವರಲ್ಲಿ, ನೋವು ಉಳಿದವರಲ್ಲಿ ಅದು ಕಾಣಲಿಲ್ಲ. ಇಲಿಗಳಲ್ಲಿ ಆರಂಭದಲ್ಲೇ ಉರಿಯೂತ ತಡೆದಾಗ ನೋವು ಇನ್ನೂ ಹೆಚ್ಚು ದಿನ ಎಳೆಯಿತು. ಇದರಿಂದ ಮಾತ್ರೆ ಮುಟ್ಟಲೇಬಾರದು ಅಂತ ತೀರ್ಮಾನಿಸಬೇಡಿ, ಹಾಗೆ ಮಾಡಿದರೆ ಅದೂ ನನ್ನ ಬಾಣದಂಥದ್ದೇ ಇನ್ನೊಂದು ಬಾಣ.

‘ಹಾಗಾದರೆ ಎನ್‌ಜಿಎಫ್ ಅನ್ನೇ ನೇರವಾಗಿ ತಡೆಯುವ ಔಷಧಿ ಇಲ್ಲವೇ’ ಅಂತ ನೀವು ಮುಂದೆ ಕೇಳುತ್ತೀರಿ, ನಾನೂ ಹುಡುಕಿದ್ದೆ. ಎನ್‌ಜಿಎಫ್ ಕಂಡುಹಿಡಿದದ್ದು ರೀಟಾ ಲೇವಿ-ಮೊಂಟಾಲ್ಚಿನಿ. ಸ್ಟಾನ್ಲಿ ಕೋಹೆನ್ ಜೊತೆ 1986ರ ನೊಬೆಲ್ ಬಂತು. ಅದನ್ನು ಹಿಡಿದು ಕಟ್ಟಿಹಾಕುವ ಟನೆಜುಮ್ಯಾಬ್ ಎಂಬ ಚುಚ್ಚುಮದ್ದೂ ತಯಾರಾಯಿತು. ನೋವು ಇಳಿಸಿತು, ಆದರೆ ಕೆಲವರಲ್ಲಿ ಕೀಲುಗಳು ಬೇಗ ಬೇಗ ಹಾಳಾದವು. 2021ರಲ್ಲಿ ಕೀಲುಸವೆತದ ನೋವಿಗೆ ಅನುಮತಿ ಕೇಳಿದಾಗ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 19-1 ಮತದಿಂದ ಬೇಡ ಅಂದಿತು, ಅದೇ ವರ್ಷ ಕಂಪನಿ ಯೋಜನೆಯನ್ನೇ ಕೈಬಿಟ್ಟಿತು. ಹತ್ತಾರು ವರ್ಷ ದುಡಿದವರ ಕೈಲಿ ಆಗದ್ದನ್ನು ನಾನು ಹತ್ತು ಮಾತ್ರೆಯ ಪಟ್ಟಿಯಿಂದ ಮಾಡಹೊರಟಿದ್ದೆ!

ಈಗ ನಿಮ್ಮ ಪ್ರಶ್ನೆಗೇ ತಕರಾರು. ‘ನರ ಬೆಳೆಯುವುದನ್ನು ತಡೆಯುವುದು ಹೇಗೆ’ ಅಂತ ಕೇಳುತ್ತಿದ್ದೀರಿ. ನಿಮ್ಮ ಡಿಸ್ಕಿನಲ್ಲಿ ನರ ಬೆಳೆದಿದೆ ಅಂತ ನಿಮಗೆ ಹೇಗೆ ಗೊತ್ತು? ಎಂಆರ್‌ಐ ತೋರಿಸುವುದು ನೀರು, ಬಿರುಕು, ಉಬ್ಬು. ಆ ಸೂಕ್ಷ್ಮ ತಂತುಗಳನ್ನಲ್ಲ. ಅವನ್ನು ಕಂಡವರೆಲ್ಲ ಕಂಡದ್ದು ಕತ್ತರಿಸಿ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು. ನಿಮ್ಮ ವರದಿಯಲ್ಲಿರುವುದು ಬಿರುಕು ಮಾತ್ರ, ಬೇರು ನಿಮ್ಮ ತಲೆಯಲ್ಲಿದೆ. ಬಿರುಕಿನ ಆ ಬಿಳಿ ಚುಕ್ಕೆ ನೋವೇ ಇಲ್ಲದವರಲ್ಲೂ ಕಾಣುತ್ತದೆ. 1994ರಲ್ಲಿ ಬೆನ್ನುನೋವಿಲ್ಲದ 98 ಜನರ ಎಂಆರ್‌ಐ ನೋಡಿದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ನೂರಕ್ಕೆ 52 ಮಂದಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ಅವರೆಲ್ಲ ಹಾಯಾಗಿ ಓಡಾಡುತ್ತಿದ್ದರು.

ಒಳಗೆ ನರ ಬಂದೇ ಇದೆ ಅಂತ ಇಟ್ಟುಕೊಳ್ಳೋಣ. ಆಗಲೂ ನೋವನ್ನು ಅಳೆಯಲು ನರದ ಉದ್ದ ಸಾಲದು. ಅದೇ ತಂತು ಕೆರಳಿದ್ದಾಗ ಕುರ್ಚಿಯಿಂದ ಎದ್ದರೂ ಕಿರುಚುತ್ತದೆ, ಶಾಂತವಾಗಿದ್ದಾಗ ಸುಮ್ಮನಿರುತ್ತದೆ. ನಿದ್ದೆಗೆಟ್ಟರೆ, ಹೆದರಿದರೆ, ದಿನವಿಡೀ ಅದರ ಮೇಲೇ ಗಮನವಿಟ್ಟರೆ ಮೆದುಳು ಮತ್ತು ಬೆನ್ನುಹುರಿ ಆ ಸದ್ದನ್ನು ಇನ್ನಷ್ಟು ಜೋರಾಗಿ ಕೇಳಿಸಿಕೊಳ್ಳುತ್ತವೆ. ಕ್ಯಾಲೆಂಡರಿನಲ್ಲಿ ಮಾತ್ರೆಯ ಗುರುತು ಹಾಕುತ್ತಾ ನಾನು ಸಾಕಿದ್ದು ಆ ಸದ್ದನ್ನೇ.

ಆಮೇಲೆ ಏನು ಮಾಡಿದೆ ಅಂದರೆ, ಹೇಳಿಕೊಳ್ಳುವಂಥದ್ದೇನಿಲ್ಲ. ಹೊಟ್ಟೆ ಹುಣ್ಣಿನಿಂದಾಗಿ ಆ ಮಾತ್ರೆಗೆ ಬಾಗಿಲು ಮುಚ್ಚಿತ್ತು. ಫಿಸಿಯೋಥೆರಪಿಸ್ಟ್ ಒಬ್ಬರು ಮೊದಲ ದಿನ ಮಾಡಿಸಿದ ವ್ಯಾಯಾಮ ಒಂದೇ: ನೆಲದ ಮೇಲೆ ಪೆನ್ನು ಇಟ್ಟು ಎತ್ತಿ ಅಂದರು. ಕಾಲ್ಬೆರಳು ಮುಂದೆ ಮಾಡಿದೆ. ‘ಕೈಯಿಂದ’ ಅಂದರು. ಬೆವರು ಬಂತು. ಅರ್ಧ ಬಗ್ಗಿ ಹಾಗೇ ನಿಂತೆ, ಹತ್ತು ತಿಂಗಳಿನಿಂದ ಬಗ್ಗಿರದ ಬೆನ್ನು. ಅವರು ಪೆನ್ನನ್ನು ನೆಲದಿಂದ ಎತ್ತಿ ಸ್ಟೂಲಿನ ಮೇಲಿಟ್ಟರು, ‘ಈ ವಾರ ಇಲ್ಲಿಂದ, ಮುಂದಿನ ವಾರ ಇನ್ನೂ ಕೆಳಗಿಂದ’ ಅಂದರು. ದಿನಕ್ಕೆ ಆರು ನಿಮಿಷ ನಡಿಗೆಯಿಂದ ಶುರು. ಅರ್ಧ ಗಂಟೆಗೊಮ್ಮೆ ಕುರ್ಚಿಯಿಂದ ಏಳುವುದು. ರಕ್ತನಾಳವಿಲ್ಲದ ಡಿಸ್ಕಿನಲ್ಲಿ ದ್ರವ ಓಡಾಡಬೇಕಾದರೆ ಭಾರ ಬೀಳಬೇಕು, ಬಿಡಬೇಕು. ನಾಲ್ಕು ಗಂಟೆ ಒಂದೇ ಭಾರ ಹೇರಿ ಕೂತರೆ ಆಗದು, ಹಾಗಂತ ಮಲಗಿಬಿಟ್ಟರೂ ಆಗದು. ನಾಲ್ಕನೇ ತಿಂಗಳಲ್ಲಿ ಒಮ್ಮೆ ಎಲ್ಲ ಹಿಂದಕ್ಕೆ ಹೋದ ಹಾಗಾಯಿತು, ಎರಡು ವಾರದಲ್ಲಿ ಮತ್ತೆ ಸರಿಯಾಯಿತು. ಈಗ ತಿಂಗಳಿಗೆ ಎರಡು ಮೂರು ದಿನ ಕೊರೆತ ಇರುತ್ತದೆ. ಪೂರ್ತಿ ವಾಸಿ ಅನ್ನುವ ಮಾತು ಹೇಳುವುದಿಲ್ಲ.

ಸೊಂಟದ ಬೆಲ್ಟಿನ ಬಗ್ಗೆಯೂ ಕೇಳಿದ್ದೀರಿ. ನನ್ನ ಅಭಿಪ್ರಾಯ: ತೆಗೆದಿಡಿ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ತಂದಿತು. ಬೆಲ್ಟ್ ಮತ್ತು ಎಳೆತದ ಚಿಕಿತ್ಸೆ ರೂಢಿಯಾಗಿ ಬೇಡ ಅಂದಿದೆ, ವ್ಯಾಯಾಮ ಮತ್ತು ತಿಳಿವಳಿಕೆಗೆ ಹೂಂ ಅಂದಿದೆ. ನಾನು ನುಂಗಿದ ಜಾತಿಯ ಮಾತ್ರೆಯೂ ಅದರ ಒಪ್ಪಿಗೆಯ ಪಟ್ಟಿಯಲ್ಲಿದೆ, ಮುಚ್ಚಿಡುವುದಿಲ್ಲ. ನೋವು ಜಾಸ್ತಿಯಾದ ನಾಲ್ಕು ದಿನ, ವೈದ್ಯರ ಲೆಕ್ಕದಲ್ಲಿ, ಎದ್ದು ನಡೆಯಲು ಊರುಗೋಲಾಗಿ ಅದು ಒಳ್ಳೆಯದೇ. ನರಕ್ಕೆ ಬೇಲಿ ಹಾಕಲು ಅಲ್ಲ.

ಕಾಲಿನ ಬಲ ಕುಗ್ಗಿದರೆ, ತೊಡೆಸಂದು ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಈ ಉತ್ತರವೆಲ್ಲ ಮರೆತು ತಕ್ಷಣ ಆಸ್ಪತ್ರೆಗೆ ಹೋಗಿ. ಅದು ಬೇರೆಯೇ ಕಥೆ.

ಅದಿಲ್ಲದಿದ್ದರೂ ನಾಳೆ ನಿಮ್ಮ ವೈದ್ಯರ ಹತ್ತಿರ ಹೋಗಿ. ಇವತ್ತು ರಾತ್ರಿಯೇ ಖಾಲಿ ಪಟ್ಟಿಗಳನ್ನು ಎಣಿಸಿ, ಮೂರು ತಿಂಗಳಿಗೆ ಎಷ್ಟು ಮಾತ್ರೆ ಆಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಲದ ಬಣ್ಣ ಹೇಗಿದೆ ಅಂತಲೂ ಬರೆಯಿರಿ. ಅವರು ಕೇಳಿದಾಗ ಆ ಚೀಟಿ ಕೊಡಿ. ‘ಆಗೀಗ’ ಅನ್ನಬೇಡಿ.